ಹೊಟ್ಟೆ ಬೊಜ್ಜಿನೊಳಗಿನ ಕಾವಲು ಪಡೆ

ಮಾದನಹಿಪ್ಪರಗಾದಾಗ ಕಟ್ಟಿ ಮ್ಯಾಲೆ ಕೂತರೂ ಈಗ ಶುಗರ್ ಮಾತೇ. ‘ನಾ ಏನ್ ದಪ್ಪ ಇಲ್ರಿ, ಹೊಟ್ಟಿ ಅಷ್ಟ ಬಂದದ’ ಅಂತಾರ. ವಿಷಯ ಇರೋದೇ ಆ ಹೊಟ್ಟಿಯೊಳಗ.

ರೋಗನಿರೋಧಕ ಪಡೆ ನಮ್ಮ ಮೈಮೇಲೇ ಬೀಳದಂತೆ ತಡೆಯುವ ಕೋಶಗಳಿವೆ, ನಿಯಂತ್ರಕ ಟಿ ಕೋಶಗಳು. 1995ರಲ್ಲಿ ಇವನ್ನು ಗುರುತಿಸಿದ ಜಪಾನಿನ ಶಿಮೋನ್ ಸಕಾಗುಚಿ ಅವರಿಗೆ, ಇನ್ನಿಬ್ಬರ ಜೊತೆ, 2025ರ ನೊಬೆಲ್ ಬಂತು. ತೆಳ್ಳಗಿನ ಇಲಿಯ ಹೊಟ್ಟೆಯ ಕೊಬ್ಬಿನಲ್ಲಿ ಇವು ಬಹಳ, ಬೊಜ್ಜು ಬಂದ ಇಲಿಯಲ್ಲಿ ಕಡಿಮೆ. ಇದು ಗೊತ್ತಾದದ್ದು 2009ರಲ್ಲಿ. ಕಾವಲು ಕಡಿಮೆಯಾದರೆ ಅಲ್ಲಿ ಉರಿಯೂತ ಹೆಚ್ಚುತ್ತದೆ, ಇನ್ಸುಲಿನ್ ಮಾತು ನಡೆಯುವುದಿಲ್ಲ, ಸಕ್ಕರೆ ಏರುತ್ತದೆ.

ಇಲಿಯ ಲೆಕ್ಕ ಮನುಷ್ಯರಿಗೆ ಪೂರ್ತಿ ಕೂಡಿಲ್ಲ, ಅದೂ ಹೇಳಬೇಕು. ಈ ಕೋಶ ಹೆಚ್ಚಿಸಿ ಶುಗರ್ ಇಳಿಸುವ ಗುಳಿಗಿ ಇನ್ನೂ ಪ್ಯಾಟಿಗೆ ಬಂದಿಲ್ಲ. ಈಗಿನ ಗುಳಿಗಿ ಬಿಡಬ್ಯಾಡ್ರಿ. ತೂಕದ ಜೊತಿ ಸೊಂಟಾನೂ ಅಳಿಸ್ರಿ: ಗಂಡಸರು 90, ಹೆಣ್ಮಕ್ಕಳು 80 ಸೆಂಟಿಮೀಟರ್ ದಾಟಿದ್ರ ಶುಗರ್ ಪರೀಕ್ಷೆ ಮಾಡಿಸ್ರಿ.