ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು

ಕ್ರೀಡಾಪುಟದ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುವ ಫಲಿತಾಂಶಗಳ ಪಟ್ಟಿಯನ್ನು ಓದುವವರು ನಮ್ಮಲ್ಲಿ ವಿರಳ. ಕ್ರಿಕೆಟ್ಟಿನದಾದರೆ ಒಂದೊಂದು ಓಟವನ್ನೂ ಎಣಿಸಿ ಓದುತ್ತೇವೆ. ಹಿಮದ ನಾಡುಗಳ ಆಟಗಳದಾದರೆ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಹಾಗೆ ನಾವು ದಾಟಿಹೋಗುವ ಪಟ್ಟಿಗಳಲ್ಲೊಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು 1998ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಜಪಾನಿನ ನಾಗಾನೊದಲ್ಲಿ ಜರುಗಿದ ಚಳಿಗಾಲದ ಒಲಿಂಪಿಕ್ ಕೂಟದ ಮಹಿಳೆಯರ ಲೂಜ್ ಸ್ಪರ್ಧೆಯ ಫಲಿತಾಂಶ. ಮೊದಲನೆಯ ಸ್ಥಾನ ಜರ್ಮನಿಯ ಸಿಲ್ಕೆ ಕ್ರೌಸ್‌ಹಾರ್ ಅವರದು. ಕಾಲ 3 ನಿಮಿಷ 23.779 ಸೆಕೆಂಡು. ಎರಡನೆಯ ಸ್ಥಾನ ಅದೇ ಜರ್ಮನಿಯ ಬಾರ್ಬರಾ ನೀಡರ್ನ್‌ಹೂಬರ್ ಅವರದು. ಕಾಲ 3 ನಿಮಿಷ 23.781 ಸೆಕೆಂಡು.

ಈ ಎರಡು ಅಂಕಿಗಳ ನಡುವಣ ಅಂತರವನ್ನು ಕಳೆದು ನೋಡಿದರೆ ಉಳಿಯುವುದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು. ಒಬ್ಬರಿಗೆ ಚಿನ್ನವೂ ಇನ್ನೊಬ್ಬರಿಗೆ ಬೆಳ್ಳಿಯೂ ದೊರೆತದ್ದು ಇಷ್ಟರ ಬಲದಿಂದ.

ಈ ಆಟದ ಪರಿಚಯವಿಲ್ಲದವರಿಗಾಗಿ ಒಂದೆರಡು ವಿವರ. ಲೂಜ್ ಎಂಬುದು ಫ್ರೆಂಚ್ ಮಾತು. ಸಣ್ಣ ಜಾರುಬಂಡಿ ಎಂದಷ್ಟೇ ಅದರ ಅರ್ಥ. ಒಂದು ಕಿಲೋಮೀಟರಿಗೂ ಮಿಕ್ಕಿದ ಉದ್ದದ, ತಿರುವುಗಳಿಂದ ಕೂಡಿದ, ಮಂಜುಗಡ್ಡೆ ಹೊದಿಸಿದ ಒಂದು ಕಾಲುವೆ ಬೆಟ್ಟದ ಮಗ್ಗುಲಿನಿಂದ ಇಳಿದು ಬರುತ್ತದೆ. ಸವಾರ ಬಂಡಿಯ ಮೇಲೆ ಅಂಗಾತ ಮಲಗಿ, ಪಾದಗಳನ್ನು ಮುಂದೆ ಮಾಡಿಕೊಂಡು ಆ ಕಾಲುವೆಯಲ್ಲಿ ಜಾರುತ್ತಾನೆ. ಬಂಡಿಯ ಅಡಿಯಲ್ಲಿರುವುದು ಎರಡು ಉಕ್ಕಿನ ಅಲಗುಗಳು. ಬ್ರೇಕು ಇಲ್ಲ. ಮೊದಲು ಕೈಗಳಿಂದ ಹಿಡಿಕೆಗಳನ್ನು ಜಗ್ಗಿ ಮುನ್ನುಗ್ಗುವುದು; ಮೊಳೆಗಳಿರುವ ಕೈಗವುಸುಗಳಿಂದ ಮಂಜುಗಡ್ಡೆಯನ್ನು ನಾಲ್ಕಾರು ಸಲ ಗೀರಿ ವೇಗ ಕೂಡಿಸಿಕೊಳ್ಳುವುದು. ಆಮೇಲೆ ಉಳಿದದ್ದೆಲ್ಲ ಭೂಮಿಯ ಸೆಳೆತದ ಕೆಲಸ. ಮೀನಖಂಡಗಳನ್ನು ಒಂದಿಷ್ಟು ಒತ್ತಿ, ಭುಜವನ್ನು ಒಂದಿಷ್ಟು ಅದುಮಿ ದಾರಿಯನ್ನು ತಿದ್ದಿಕೊಳ್ಳಬೇಕು. ತಲೆಯೆತ್ತಿ ನೋಡಿದರೆ ಗಾಳಿ ತಡೆಯುತ್ತದೆ. ಆದುದರಿಂದ ದಾರಿಯನ್ನು ಕಣ್ಣಿನಿಂದ ಕಾಣುವುದಕ್ಕಿಂತ ಬೆನ್ನಿನಿಂದ ಅರಿಯಬೇಕು. ಇಂಥ ನಾಲ್ಕು ಓಟಗಳ ಕಾಲವನ್ನು ಕೂಡಿಸಿದಾಗ ಬರುವ ಮೊತ್ತವೇ ಫಲಿತಾಂಶ. ಮಲ್ಲಯುದ್ಧದಲ್ಲಿರುವಂತೆ ಎದುರಾಳಿ ಎದುರಿಗಿಲ್ಲ, ಓಟದ ಪಂದ್ಯದಲ್ಲಿರುವಂತೆ ಪಕ್ಕದಲ್ಲಿಯೂ ಇಲ್ಲ. ಒಬ್ಬೊಬ್ಬರಾಗಿ ಇಳಿದು ಬರುತ್ತಾರೆ. ಗೆದ್ದವರಿಗೂ ಸೋತವರಿಗೂ ನಡುವೆ ಸಾಕ್ಷಿ ಹೇಳುವುದು ಗಡಿಯಾರವೊಂದೇ.

ಈಗ ಆ ಎರಡು ಪಾಲಿನ ಅಳತೆಗೆ ಬರೋಣ. ಕಣ್ಣೆವೆ ಒಮ್ಮೆ ಮುಚ್ಚಿ ತೆರೆಯುವುದಕ್ಕೆ ಸೆಕೆಂಡಿನ ಹತ್ತನೆಯ ಒಂದು ಪಾಲಾದರೂ ಬೇಕು. ಈ ಅಂತರ ಅದರ ಐವತ್ತನೆಯ ಒಂದು ಭಾಗ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬಂಡಿ ಅಷ್ಟು ಹೊತ್ತಿನಲ್ಲಿ ಕ್ರಮಿಸುವುದು ಏಳು ಸೆಂಟಿಮೀಟರಿಗಿಂತ ಕಡಿಮೆ ದೂರ, ಎಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ನಾಲ್ಕು ಬೆರಳಗಲ. ಅದೂ ಒಂದು ಓಟದಲ್ಲಿ ಅಲ್ಲ. ನಾಲ್ಕು ಓಟಗಳನ್ನು ಒಟ್ಟುಗೂಡಿಸಿದ ಮೇಲೆ! ಒಟ್ಟು ಕಾಲದೊಡನೆ ಹೋಲಿಸಿದರೆ ಲಕ್ಷದಲ್ಲಿ ಒಂದು ಪಾಲು. ನಮ್ಮ ಪ್ರಾಚೀನ ಜ್ಯೋತಿಷಿಗಳು ‘ತ್ರುಟಿ’ ಎಂಬ ಅತಿಸೂಕ್ಷ್ಮವಾದ ಕಾಲಮಾನವೊಂದನ್ನು ಕಲ್ಪಿಸಿದ್ದರು. ತಾವರೆಯ ಎಸಳನ್ನು ಸೂಜಿ ಚುಚ್ಚುವುದಕ್ಕೆ ಬೇಕಾಗುವಷ್ಟು ಹೊತ್ತು ಎಂದು ಅದನ್ನು ವಿವರಿಸುವುದುಂಟು. ಅದೇ ಶಬ್ದಕ್ಕೆ ಕನ್ನಡದಲ್ಲಿ ಕೊರತೆ, ಲೋಪ ಎಂಬ ಅರ್ಥವೂ ಇದೆ. ಒಂದೇ ಮಾತಿನಲ್ಲಿ ಈ ಎರಡು ಅರ್ಥಗಳೂ ಕೂಡಿಕೊಂಡದ್ದು ನಾಗಾನೊದ ಪಟ್ಟಿಯನ್ನು ನೋಡುವಾಗ ನನಗೆ ಬಹಳ ಸಾರ್ಥಕವಾಗಿ ಕಾಣುತ್ತದೆ. ನೀಡರ್ನ್‌ಹೂಬರ್ ಅವರಲ್ಲಿ ಇದ್ದ ತ್ರುಟಿ ಅಷ್ಟೇ.

ಲೂಜ್ ಸ್ಪರ್ಧೆ ಮೊದಲಿನಿಂದಲೂ ಇಷ್ಟು ಜಿಪುಣವಾಗಿರಲಿಲ್ಲ. 1883ರಲ್ಲಿ ಸ್ವಿಟ್ಸರ್ಲೆಂಡಿನ ದಾವೋಸ್ ಊರಿನವರು ಅಂತರರಾಷ್ಟ್ರೀಯ ಜಾರುಬಂಡಿ ಪಂದ್ಯವೊಂದನ್ನು ಏರ್ಪಡಿಸಿದರು. ಕ್ಲೋಸ್ಟರ್ಸ್ ಊರಿಗೆ ಇಳಿಯುವ ನಾಲ್ಕು ಕಿಲೋಮೀಟರಿನ ರಸ್ತೆಯೇ ಅಂದಿನ ಕಾಲುವೆ. ಆ ಪಂದ್ಯದಲ್ಲಿ ಇಬ್ಬರು 9 ನಿಮಿಷ 15 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಒಬ್ಬ ಆಸ್ಟ್ರೇಲಿಯಾದಿಂದ ಬಂದಿದ್ದ ರಾಬರ್ಟ್‌ಸನ್ ಎಂಬ ವಿದ್ಯಾರ್ಥಿ. ಇನ್ನೊಬ್ಬ ಪೀಟರ್ ಮಿನ್ಶ್ ಎಂಬ ಕ್ಲೋಸ್ಟರ್ಸಿನ ಅಂಚೆಯವ. ಇಬ್ಬರನ್ನೂ ವಿಜಯಿಗಳೆಂದು ಸಾರಿದರು. ಜಗತ್ತಿನ ಆಚೆ ತುದಿಯಿಂದ ಬಂದವನೂ ಅದೇ ಊರಿನ ಅಂಚೆಯವನೂ ಒಂದೇ ಸಾಲಿನಲ್ಲಿ ನಿಂತಿರುವ ಫಲಿತಾಂಶದಿಂದ ಈ ಆಟದ ಚರಿತ್ರೆ ಆರಂಭವಾಗುತ್ತದೆಂಬುದು ಮರೆಯಬಾರದ ಸಂಗತಿ.

ಇಂಥದೇ ಇನ್ನೊಂದು ಪ್ರಸಂಗ 1972ರಲ್ಲಿ, ಜಪಾನಿನದೇ ಸಪ್ಪೊರೊ ನಗರದ ಒಲಿಂಪಿಕ್ಕಿನಲ್ಲಿ ನಡೆಯಿತು. ಅದು ಒಂದೇ ಬಂಡಿಯಲ್ಲಿ ಇಬ್ಬರು ಕೂಡಿ ಇಳಿಯುವ ಜೋಡಿ ಸ್ಪರ್ಧೆ. ಮೊದಲನೆಯ ಓಟದಲ್ಲಿ ಇಟಲಿಯ ಪೌಲ್ ಹಿಲ್ಡ್‌ಗಾರ್ಟ್ನರ್ ಮತ್ತು ವಾಲ್ಟರ್ ಪ್ಲೈಕ್ನರ್ ಮುಂದಿದ್ದರು. ಆದರೆ ಆರಂಭದ ಬಾಗಿಲು ಕೆಟ್ಟಿತ್ತೆಂಬ ಕಾರಣದಿಂದ ಆ ಓಟವನ್ನೇ ರದ್ದುಗೊಳಿಸಲಾಯಿತು. ಇಟಲಿಯವರು ಪ್ರತಿಭಟಿಸಿದರು; ಫಲವಾಗಲಿಲ್ಲ. ಮತ್ತೆ ನಡೆದ ಓಟಗಳ ಮೊತ್ತ ನೋಡಿದರೆ ಇಟಲಿಯ ಜೋಡಿಯದೂ ಪೂರ್ವ ಜರ್ಮನಿಯ ಹ್ಯೋರ್ನ್‌ಲೈನ್–ಬ್ರೆಡೋ ಜೋಡಿಯದೂ ಒಂದೇ: 1 ನಿಮಿಷ 28.35 ಸೆಕೆಂಡು. ಅಂದಿನ ಗಡಿಯಾರ ಸೆಕೆಂಡಿನ ನೂರನೆಯ ಪಾಲಿನವರೆಗೆ ಮಾತ್ರ ಹೇಳುತ್ತಿತ್ತು. ಅದರಾಚೆಗೆ ಅದಕ್ಕೆ ಮಾತಿರಲಿಲ್ಲ. ಎರಡು ಜೋಡಿಗಳಿಗೂ ಚಿನ್ನವನ್ನೇ ಕೊಟ್ಟರು. ಆ ಪಟ್ಟಿಯಲ್ಲಿ ಬೆಳ್ಳಿಯ ಪದಕವೇ ಇಲ್ಲ. ಈ ಆಟದ ಫಲಿತಾಂಶಗಳಲ್ಲಿ ನನ್ನ ಮನಸ್ಸಿಗೆ ಅತ್ಯಂತ ಒಪ್ಪಿತವಾದುದು ಇದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ನಾಲ್ಕು ವರ್ಷಗಳ ತರುವಾಯ, 1976ರ ಇನ್ಸ್‌ಬ್ರುಕ್ ಕೂಟದ ಪಟ್ಟಿಯನ್ನು ತೆರೆದರೆ ದಶಮಾಂಶದ ಬಲಗಡೆಗೆ ಮೂರು ಅಂಕಿಗಳು ಬಂದು ಕುಳಿತಿವೆ. ಸಾವಿರದ ಪಾಲು ಲೂಜ್ ಆಟವನ್ನು ಪ್ರವೇಶಿಸಿತು. ಒಂದು ಲೆಕ್ಕ ಮಾಡಿ ನೋಡಬಹುದು. ನಾಗಾನೊದ ಆ ಇಬ್ಬರು ಮಹಿಳೆಯರ ಮೊತ್ತಗಳನ್ನು ಸಪ್ಪೊರೊದ ಕ್ರಮದಂತೆ ನೂರನೆಯ ಪಾಲಿಗೆ ಸರಿಪಡಿಸಿ ಬರೆದರೆ ಇಬ್ಬರದೂ 3 ನಿಮಿಷ 23.78 ಸೆಕೆಂಡೇ ಆಗುತ್ತದೆ. ಗಡಿಯಾರ ಒಂದು ಅಂಕಿ ಕಡಮೆ ಮಾತಾಡಿದ್ದರೆ ಇಬ್ಬರಿಗೂ ಚಿನ್ನ!

ಇದಕ್ಕೆ ಉತ್ತರವಿಲ್ಲದೆ ಇಲ್ಲ. ಅಳೆಯುವ ಶಕ್ತಿಯಿರುವಾಗ ಅಳೆಯದೆ ಬಿಡುವುದು ಹೇಗೆ, ನಿಜವಾಗಿ ಮುಂದಿದ್ದವರಿಗೆ ಅನ್ಯಾಯವಾಗಲಿಲ್ಲವೆ ಎಂದು ಕೇಳುವವರಿದ್ದಾರೆ. 1994ರಲ್ಲಿ ಲಿಲ್ಲೆಹಾಮ್ಮರಿನಲ್ಲಿ ಜರ್ಮನಿಯ ಗಿಯೋರ್ಗ್ ಹಾಕ್ಲ್ ಅವರು ಆಸ್ಟ್ರಿಯದ ಮಾರ್ಕುಸ್ ಪ್ರೋಕ್ ಅವರನ್ನು ಸೆಕೆಂಡಿನ ಸಾವಿರದಲ್ಲಿ 13 ಪಾಲುಗಳಿಂದ ಸೋಲಿಸಿದರು. ಹಾಕ್ಲ್ 1992ರಿಂದ ಮೂರು ಕೂಟಗಳಲ್ಲಿ ಸಾಲಾಗಿ ಚಿನ್ನ ಗೆದ್ದವರು. ಅವರ ಮೇಲ್ಮೆಯನ್ನು ಯಾರೂ ಶಂಕಿಸುವುದಿಲ್ಲ. ಆದರೂ ನನ್ನ ಸಂದೇಹ ಬೇರೆ. ಒಬ್ಬ ಸವಾರ ಇಳಿದು ಹೋದ ಮೇಲೆ ಮಂಜುಗಡ್ಡೆಯ ಮೈ ಮೊದಲಿನಂತಿರುವುದಿಲ್ಲ. ಬಿಸಿಲು ಒಂದಿಷ್ಟು ಏರುತ್ತದೆ, ಗಾಳಿ ಒಂದಿಷ್ಟು ತಿರುಗುತ್ತದೆ. ಇವುಗಳಿಂದಾಗುವ ವ್ಯತ್ಯಾಸ ಸಾವಿರದ ಎರಡು ಪಾಲಿಗಿಂತ ದೊಡ್ಡದೆಂಬುದನ್ನು ಊಹಿಸಲು ವಿಜ್ಞಾನಿಯಾಗಬೇಕಿಲ್ಲ. ಗಡಿಯಾರ ಸುಳ್ಳು ಹೇಳಿತೆಂದು ನನ್ನ ವಾದವಲ್ಲ. ಯಾವ ಬಂಡಿ ಎಷ್ಟು ಹೊತ್ತಿನಲ್ಲಿ ಗುರಿ ಮುಟ್ಟಿತೆಂದು ಅದು ಹೇಳಿತು. ಇಬ್ಬರಲ್ಲಿ ಯಾರು ಹೆಚ್ಚಿನವರೆಂಬ ಪ್ರಶ್ನೆಗೂ ಅದರಿಂದಲೇ ಉತ್ತರ ಪಡೆದವರು ನಾವು.

ನೀಡರ್ನ್‌ಹೂಬರ್ ಅವರ ಕಥೆ ನಾಗಾನೊದಲ್ಲಿ ಮುಗಿಯಲಿಲ್ಲ. ನಾಲ್ಕು ವರ್ಷ ಕಳೆದು, 2002ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಅವರು ಕ್ರೌಸ್‌ಹಾರ್ ಅವರಿಗಿಂತ ಮುಂದೆ ಬಂದರು. ಆದರೆ ಆ ಸಲ ಅವರಿಬ್ಬರಿಗಿಂತಲೂ ಮುಂದೆ ಅದೇ ಜರ್ಮನಿಯ ಸಿಲ್ಕೆ ಒಟ್ಟೊ ಇದ್ದರು. ನೀಡರ್ನ್‌ಹೂಬರ್ ಅವರಿಗೆ ಮತ್ತೆ ಬೆಳ್ಳಿ. ಒಲಿಂಪಿಕ್ ಚಿನ್ನ ಅವರ ಪಾಲಿಗೆ ಕೊನೆಗೂ ಬರಲಿಲ್ಲ.

ಫಲಿತಾಂಶವನ್ನು ಗಡಿಯಾರ ಹೇಳಿದ ಮೇಲೆಯೂ ಮನುಷ್ಯರು ಬದಲಾಯಿಸಿದ್ದುಂಟು. 1968ರ ಗ್ರೆನೋಬ್ಲ್ ಕೂಟದಲ್ಲಿ ಪೂರ್ವ ಜರ್ಮನಿಯ ಓರ್ಟ್ರುನ್ ಎಂಡರ್‌ಲೈನ್ ಮೊದಲನೆಯವರಾಗಿಯೂ ಆನಾ ಮರಿಯಾ ಮ್ಯೂಲರ್ ಎರಡನೆಯವರಾಗಿಯೂ ಇದ್ದರು. ಅವರ ಬಂಡಿಗಳ ಅಲಗುಗಳು ಬಿಸಿಯಾಗಿದ್ದುವೆಂದು ಅಧಿಕಾರಿಗಳು ಕಂಡುಹಿಡಿದು, ಅದೇ ತಂಡದ ಇನ್ನೊಬ್ಬರೊಡನೆ ಅವರನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಬಿಸಿಯಾದ ಉಕ್ಕು ತನ್ನ ಕೆಳಗಿನ ಮಂಜುಗಡ್ಡೆಯನ್ನು ತೆಳುವಾಗಿ ಕರಗಿಸಿಕೊಂಡು ಸುಲಭವಾಗಿ ಜಾರುತ್ತದೆ, ಅದು ನಿಷಿದ್ಧ. ಇಟಲಿಯ ಎರಿಕಾ ಲೆಖ್ನರ್ ಅವರಿಗೆ ಚಿನ್ನ ಸಂದಿತು. ಇದು ಪಶ್ಚಿಮದವರ ಸಂಚೆಂದು ಪೂರ್ವ ಜರ್ಮನಿ ಆಕ್ಷೇಪಿಸಿತು. ಶೀತಲ ಸಮರದ ದಿನಗಳಲ್ಲವೆ! ಅದೇ ಮ್ಯೂಲರ್ ಅವರು 1972ರಲ್ಲಿ ಸಪ್ಪೊರೊದಲ್ಲಿ ಚಿನ್ನ ಗೆದ್ದರು. ಈಗಂತೂ ಪ್ರತಿ ಓಟಕ್ಕೂ ಮುನ್ನ ಅಲಗಿನ ಉಷ್ಣತೆಯನ್ನು ಅಳೆಯುವುದು ಕಟ್ಟುನಿಟ್ಟಾದ ನಿಯಮ.

ಪಟ್ಟಿಯಲ್ಲಿ ಕಾಲವೇ ದಾಖಲಾಗದ ಒಂದು ಹೆಸರನ್ನು ಇಲ್ಲಿ ನೆನೆಯಬೇಕು. 2010ರ ಫೆಬ್ರವರಿ 12ರಂದು ಕೆನಡಾದ ವಿಸ್ಲರ್‌ನಲ್ಲಿ, ವ್ಯಾಂಕೂವರ್ ಕೂಟದ ಉದ್ಘಾಟನೆಗೆ ಕೆಲವೇ ಗಂಟೆಗಳು ಉಳಿದಿದ್ದಾಗ, ಜಾರ್ಜಿಯಾ ದೇಶದ ನೋದಾರ್ ಕುಮಾರಿತಾಶ್ವಿಲಿ ಎಂಬ ತರುಣ ಅಭ್ಯಾಸದ ಓಟದಲ್ಲಿದ್ದ. ವಯಸ್ಸು 21. ಗಂಟೆಗೆ 140 ಕಿಲೋಮೀಟರಿಗೂ ಮೀರಿದ ವೇಗ. ಕೊನೆಯ ತಿರುವಿನಲ್ಲಿ ಬಂಡಿ ಕೈತಪ್ಪಿತು. ಅವನು ಕಾಲುವೆಯ ಗೋಡೆಯನ್ನು ದಾಟಿ ಹೊರಗೆ ಎಸೆಯಲ್ಪಟ್ಟು, ಹೊದಿಕೆಯಿಲ್ಲದ ಉಕ್ಕಿನ ಕಂಬಕ್ಕೆ ಬಡಿದು ಮರಣ ಹೊಂದಿದ. ತಿರುವಿನಿಂದ ಹೊರಬರುವುದರಲ್ಲಿ ಅವನು ತಡಮಾಡಿದ, ಕಾಲುವೆಯ ದೋಷವಲ್ಲ ಎಂದು ಅಧಿಕಾರಿಗಳು ಹೇಳಿಕೆ ಕೊಟ್ಟರು. ಕ್ರೀಡೆಯಲ್ಲಿ ಮಾಡಿದ ತಪ್ಪಿಗೆ ಸಾವು ಶಿಕ್ಷೆಯಾಗಲಾಗದೆಂಬರ್ಥದ ಮಾತನ್ನು ಜಾರ್ಜಿಯಾದ ಅಂದಿನ ಅಧ್ಯಕ್ಷ ಸಾಕಾಶ್ವಿಲಿ ಆಡಿದರು. ದೋಷವಿಲ್ಲವೆಂದವರೇ ಆ ತಿರುವಿನ ಗೋಡೆಯನ್ನು ಎತ್ತರಿಸಿದರು, ಪುರುಷರ ಓಟವನ್ನು ಮಹಿಳೆಯರು ಆರಂಭಿಸುವ ಕೆಳಗಿನ ಸ್ಥಳದಿಂದ ಆರಂಭಿಸಿದರು. ನಾನು ಇದಕ್ಕೆ ಭಾಷ್ಯ ಬರೆಯುವುದಿಲ್ಲ. ತಡವಾದುದು ಎಷ್ಟು? ತಿರುವಿನಲ್ಲಿ ತಡವಾದರೆ ಒಬ್ಬನಿಗೆ ಪದಕ ಹೋಗುತ್ತದೆ, ಇನ್ನೊಬ್ಬನಿಗೆ ಪ್ರಾಣ ಹೋಗುತ್ತದೆ. ಆ ಎರಡು ತಡಗಳ ನಡುವಣ ಅಂತರವನ್ನು ಯಾವ ಪಟ್ಟಿಯೂ ಬರೆದಿಡುವುದಿಲ್ಲ. ಅವನ ದಾಯಾದಿ ಸಾಬಾ ಕುಮಾರಿತಾಶ್ವಿಲಿ 2022ರಲ್ಲಿ ಬೀಜಿಂಗಿನ ಒಲಿಂಪಿಕ್ಕಿನಲ್ಲಿ ಇದೇ ಆಟದಲ್ಲಿ ಸ್ಪರ್ಧಿಸಿದ.

ಪಟ್ಟಿಯ ಮೇಲಿನ ಮೂರು ಸಾಲುಗಳನ್ನಷ್ಟೇ ಓದಿ ನಿಲ್ಲಿಸುವ ಅಭ್ಯಾಸ ನಮ್ಮದು. ಕೆಳಗಿಳಿದು ನೋಡಿದರೆ ನಾಗಾನೊದ ಪುರುಷರ ಪಟ್ಟಿಯಲ್ಲಿ 28ನೆಯ ಸಾಲಿನಲ್ಲಿ ಒಬ್ಬ ಭಾರತೀಯನ ಹೆಸರಿದೆ: ಶಿವ ಕೇಶವನ್. ಹಿಮಾಚಲದ ಮನಾಲಿಯ ಕಡೆಯವರು. ತಂದೆ ಕೇರಳದವರು, ತಾಯಿ ಇಟಲಿಯವರು. ಆಗ ಅವರಿಗೆ ಹದಿನಾರು ವರ್ಷ. ನಮ್ಮ ದೇಶದಲ್ಲಿ ಅಂಥ ಹಿಮದ ಕಾಲುವೆ ಇರಲಿಲ್ಲ. ಬಂಡಿಗೆ ಗಾಲಿಗಳನ್ನು ಜೋಡಿಸಿಕೊಂಡು ಹಿಮಾಲಯದ ಡಾಂಬರು ರಸ್ತೆಗಳಲ್ಲಿ, ಲಾರಿಗಳ ಮತ್ತು ದನಕುರಿಗಳ ನಡುವೆ ಇಳಿದು ಅವರು ಅಭ್ಯಾಸ ಮಾಡಿದರು. ಆ ದೃಶ್ಯವನ್ನು ಚಿತ್ರಗಳಲ್ಲಿ ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. 2011ರಲ್ಲಿ ಅದೇ ನಾಗಾನೊದಲ್ಲಿ ಏಷ್ಯಾ ಚಾಂಪಿಯನ್‌ಷಿಪ್ಪಿನ ಚಿನ್ನ ಅವರದಾಯಿತು. 2014ರಲ್ಲಿ ಸೋಚಿಯ ಕೂಟದ ಅಭ್ಯಾಸದಲ್ಲಿ ಬಂಡಿಯಿಂದ ಜಾರಿಬಿದ್ದು, ಓಡುತ್ತಿದ್ದ ಬಂಡಿಯನ್ನು ಬಿಡದೆ ಹಿಡಿದು ಮತ್ತೆ ಅದರ ಮೇಲೇರಿ ಮಲಗಿದರು. ಆ ಕೂಟದಲ್ಲಿ ಅವರು ತಮ್ಮ ದೇಶದ ಧ್ವಜದಡಿಯಲ್ಲಿ ಸ್ಪರ್ಧಿಸುವಂತಿರಲಿಲ್ಲ. ಭಾರತದ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿತ್ತು. ಅಮಾನತು ತೆರವಾದುದು ಅವರ ಸ್ಪರ್ಧೆ ಮುಗಿದ ಮೇಲೆ.

ಕೇಶವನ್ 1998ರಿಂದ 2018ರವರೆಗೆ ಆರು ಒಲಿಂಪಿಕ್ ಕೂಟಗಳಲ್ಲಿ ಭಾಗವಹಿಸಿದರು. ಅತ್ಯುತ್ತಮ ಸ್ಥಾನ 2006ರ ಟೂರಿನ್ ಕೂಟದ 25ನೆಯದು. ಅವರ ಕಾಲದವರೇ ಆದ ಇಟಲಿಯ ಆರ್ಮಿನ್ ಜೋಗೆಲರ್ ಅವರೂ 1994ರಿಂದ 2014ರವರೆಗೆ ಆರು ಕೂಟಗಳಲ್ಲಿ ಸ್ಪರ್ಧಿಸಿದರು. ಆರರಲ್ಲಿಯೂ ಪದಕ ಪಡೆದರು, ಎರಡು ಚಿನ್ನ. ಈ ಇಬ್ಬರೂ ಐದು ಕೂಟಗಳಲ್ಲಿ ಒಂದೇ ಕಾಲುವೆಯಲ್ಲಿ ಇಳಿದವರು. ಅವರ ನಡುವಣ ಅಂತರ ಸಾವಿರದ ಪಾಲುಗಳದಲ್ಲ, ಪೂರ್ಣ ಸೆಕೆಂಡುಗಳದು. ಅಲ್ಲಿ ಗಡಿಯಾರದ ತೀರ್ಪನ್ನು ನಾನು ಪ್ರಶ್ನಿಸುವುದಿಲ್ಲ. ಹಿಮದ ಬೆಟ್ಟದ ಮೇಲೆ ಬೆಳೆದ ಆಟದ ಪರಂಪರೆಗೂ ಡಾಂಬರಿನ ಮೇಲೆ ಗಾಲಿ ಉರುಳಿಸಿ ಕಲಿತದ್ದಕ್ಕೂ ಇರುವ ಅಂತರ ಅದು.

2018ರಲ್ಲಿ ದಕ್ಷಿಣ ಕೊರಿಯಾದ ಪ್ಯೋಂಗ್‌ಚಾಂಗಿನಲ್ಲಿ ನಡೆದದ್ದು ಕೇಶವನ್ ಅವರ ಕೊನೆಯ ಒಲಿಂಪಿಕ್. ಆ ಸ್ಪರ್ಧೆಯಲ್ಲಿ ಜರ್ಮನಿಯ ಫೆಲಿಕ್ಸ್ ಲೋಖ್ ಮೂರು ಓಟಗಳ ಮುಗಿವಿಗೆ ಎಲ್ಲರಿಗಿಂತ ಮುಂದಿದ್ದರು. 2010ರಲ್ಲಿ, 2014ರಲ್ಲಿ ಚಿನ್ನ ಗೆದ್ದಿದ್ದವರು. ಮೂರನೆಯದು ಕೈಗೆ ಬಂದಂತೆಯೇ ಇತ್ತು. ನಾಲ್ಕನೆಯ ಓಟದ ಒಂದು ತಿರುವಿನಲ್ಲಿ ಬಂಡಿ ಅಡ್ಡವಾಯಿತು, ಐದನೆಯ ಸ್ಥಾನಕ್ಕೆ ಇಳಿದರು. ತರಬೇತುದಾರನೂ ಆಗಿದ್ದ ತಂದೆ ಅವರನ್ನು ತಬ್ಬಿಕೊಂಡು ನಿಂತರು. ಆಸ್ಟ್ರಿಯದ ದಾವಿದ್ ಗ್ಲೈರ್ಷರ್, ಯಾರೂ ಎಣಿಸದಿದ್ದವರು, ಸಾವಿರದಲ್ಲಿ 26 ಪಾಲುಗಳಿಂದ ಗೆದ್ದರು. ಮೊದಲ ಇಪ್ಪತ್ತು ಮಂದಿಗೆ ಮಾತ್ರ ನಾಲ್ಕನೆಯ ಓಟದ ಅವಕಾಶ. ಆದುದರಿಂದ 34ನೆಯ ಸಾಲಿನಲ್ಲಿರುವ ಶಿವ ಕೇಶವನ್ ಅವರ ಹೆಸರಿನ ಮುಂದೆ ಮೂರು ಓಟಗಳ ಕಾಲ ಮಾತ್ರ ಅಚ್ಚಾಗಿದೆ. ನಾಲ್ಕನೆಯ ಅಂಕಣ ಬರಿದಾಗಿದೆ.