ಅವರು ನಮ್ಮ ಮಾತು ಕಲಿತರು

ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್, ಭಾಷಣ ಅಭ್ಯಾಸ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ಮನೆ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ಹತ್ತಿರ. ಅಜ್ಜ ಹಂಚಿನ ಕಾರ್ಖಾನೆಗೆ ದೋಣಿಯಲ್ಲಿ ಆವೆಮಣ್ಣು ತರುತ್ತಿದ್ದರು. ಅಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಷನ್, 1865ರಲ್ಲಿ. ಮಿಷನ್ನಿನವರು 1834ರಲ್ಲಿ ಹಡಗು ಹತ್ತಿ ಬಂದದ್ದು ಅವರ ಧರ್ಮ ಸಾರೋದಕ್ಕೆ. ಆದರೆ ಅದಕ್ಕೂ ಮೊದಲು ನಮ್ಮ ಮಾತು ಕಲಿಯಬೇಕಾಯ್ತು. ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾಯಿತು. ಇಬ್ಬರೂ ಈ ಜರ್ಮನಿಯಲ್ಲೇ ಹುಟ್ಟಿದವರು.

ಇಂಗೋಲ್‌ಸ್ಟಾಟ್‌ಗೆ ಬಂದ ಮೊದಲ ತಿಂಗಳು. ಸೈಟಿನಲ್ಲಿ ಜೊತೆಗಾರ ‘ಐನ್‌ಗೆಶಾಲ್ಟೆಟ್’ ಅಂದ, ಅಂದರೆ ಲೈನ್ ಚಾಲೂ ಇದೆ. ನನಗೆ ಕೇಳಿಸಿದ್ದು ‘ಔಸ್‌ಗೆಶಾಲ್ಟೆಟ್’, ಆಫ್ ಆಗಿದೆ ಅಂತ. ತಲೆಯಾಡಿಸಿದೆ. ಟೆಸ್ಟರ್ ಹಿಡಿದು ನೋಡುವ ಅಭ್ಯಾಸ ಒಂದು ಉಳಿಸಿತು. ಇಲ್ಲದಿದ್ದರೆ ಇವತ್ತು ನಿಮ್ಮ ಮುಂದೆ ನಿಂತಿರುತ್ತಿರಲಿಲ್ಲ.

ಆ ಸಂಜೆ ಡೊನಾವ್ ನದಿ ದಂಡೆಯಲ್ಲಿ ಕೂತಾಗ ಅನ್ನಿಸ್ತು: ಆ ಪಾದ್ರಿಗಳೂ ನಮ್ಮೂರಲ್ಲಿ ಹೀಗೇ ತಡವರಿಸಿರಬೇಕು. ಆದರೂ ಬಿಡಲಿಲ್ಲ. ಮರುವಾರವೇ ಸಂಜೆ ಕ್ಲಾಸಿಗೆ ಸೇರಿದೆ.

ಹೊಸದಾಗಿ ಬಂದಿರುವ ತಮ್ಮಂದಿರೇ, ಅರ್ಥ ಆಗದಿದ್ದರೆ ಸುಮ್ಮನೆ ‘ಯಾ, ಯಾ’ ಅನ್ನಬೇಡಿ. ಇನ್ನೊಂದು ಸಲ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ, ಮನೆಯಲ್ಲಿ ಕಾಯುವವರಿದ್ದಾರೆ.