ಹೇಳಿದಷ್ಟನ್ನೇ ಮಾಡುವ ಶಿಷ್ಯ

(ಬಾನುಲಿ ಭಾಷಣ)



ಶಿಷ್ಯರಲ್ಲಿ ಹಲವು ಬಗೆ. ಹೇಳಿದ್ದನ್ನು ಮರೆಯುವವರು, ಹೇಳಿದ್ದಕ್ಕಿಂತ ಹೆಚ್ಚನ್ನು ಊಹಿಸಿಕೊಳ್ಳುವವರು, ಹೇಳುವ ಮೊದಲೇ ಅರಿತುಕೊಳ್ಳುವವರು. ಮೇಷ್ಟರಾದವರು ಇವರೆಲ್ಲರನ್ನೂ ಕಂಡಿರುತ್ತಾರೆ. ಆದರೆ ಹೇಳಿದಷ್ಟನ್ನು ಮಾತ್ರ, ಹೇಳಿದ ಕ್ರಮದಲ್ಲಿಯೇ, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ ಮಾಡುವ ಶಿಷ್ಯ ಮನುಷ್ಯರಲ್ಲಿ ಸಿಗುವುದು ದುರ್ಲಭ. ಅಂಥ ಶಿಷ್ಯ ಕಂಪ್ಯೂಟರು. ಅವನಿಗೆ ಪಾಠ ಹೇಳುವ ವಿದ್ಯೆಗೆ ಪ್ರೋಗ್ರಾಮಿಂಗ್ ಎಂದು ಹೆಸರು. ಆ ವಿದ್ಯೆಯನ್ನು ಹೊಸಬರಿಗೆ ಕಲಿಸುವುದು ಹೇಗೆಂಬುದೇ ಈ ಹೊತ್ತಿನ ನನ್ನ ವಿಷಯ. ಹಲವು ವರ್ಷಗಳಿಂದ ಈ ಪಾಠವನ್ನು ಹೇಳುತ್ತ ಬಂದವನಾದ್ದರಿಂದ, ತರಗತಿಯ ಅನುಭವದ ಜೊತೆಗೆ ಬಲ್ಲವರು ಕಂಡುಕೊಂಡ ಕೆಲವು ಸಂಗತಿಗಳನ್ನೂ ಸೇರಿಸಿ ನಿಮ್ಮ ಮುಂದಿಡುತ್ತೇನೆ.

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಇಬ್ಬರು ಪ್ರಾಧ್ಯಾಪಕರು, ವಿಜ್ಞಾನ ಓದದ ಹುಡುಗರಿಗೂ ಈ ವಿದ್ಯೆ ಎಟಕಲಿ ಎಂದು, 1964ರಲ್ಲಿ ಬೇಸಿಕ್ ಎಂಬ ಸುಲಭ ಭಾಷೆಯನ್ನು ರಚಿಸಿದರು. ನಮ್ಮ ದೇಶದಲ್ಲಿ ಕಾನ್ಪುರದ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಯಂತ್ರ ಬಂತು. ಅಲ್ಲಿ ಪಾಠ ಹೇಳಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊಫೆಸರ್ ವಿ. ರಾಜಾರಾಮನ್ ಅವರು 1969ರಲ್ಲಿ ಹೊರತಂದ ಪ್ರೋಗ್ರಾಮಿಂಗ್ ಪಠ್ಯಪುಸ್ತಕ ನಮ್ಮಲ್ಲಿ ಎಷ್ಟೋ ಮಂದಿಗೆ ಮೊದಲ ಮೆಟ್ಟಿಲಾಯಿತು.

ಇಷ್ಟು ದೀರ್ಘ ಪರಂಪರೆಯಿದ್ದೂ ಫಲ ಹೇಗಿದೆ? 2001ರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳನ್ನು, ಮೊದಲ ಪಾಠಗಳು ಮುಗಿದ ಮೇಲೆ, ಸಣ್ಣ ಪ್ರೋಗ್ರಾಮುಗಳನ್ನು ಬರೆಯುವಂತೆ ಕೇಳಿ ಪರೀಕ್ಷಿಸಿದರು. 110 ಅಂಕಗಳಿಗೆ ಅವರ ಸರಾಸರಿ 23ನ್ನೂ ಮುಟ್ಟಲಿಲ್ಲ. 2007ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ, ಹಲವು ದೇಶಗಳ ಕಾಲೇಜುಗಳಲ್ಲಿ ಮೊದಲ ಪ್ರೋಗ್ರಾಮಿಂಗ್ ಪಾಠಕ್ಕೆ ಸೇರಿದ ಮೂವರಲ್ಲಿ ಒಬ್ಬರು ತೇರ್ಗಡೆಯಾಗುವುದಿಲ್ಲವೆಂದು ಕಂಡಿತು. ನನ್ನನ್ನು ಕಾಡುವುದು ಆ ಮೂರನೆಯವನು. ‘ಈ ವಿದ್ಯೆ ನನ್ನ ಹಣೆಯಲ್ಲಿ ಬರೆದಿಲ್ಲ’ ಎಂದು ತೀರ್ಮಾನಿಸಿ ಅವನು ಹಿಂದಿನ ಬೆಂಚಿಗೆ ಸರಿದುಬಿಡುತ್ತಾನೆ. ನಮ್ಮ ತಾಲ್ಲೂಕು ಊರುಗಳ ಕಾಲೇಜುಗಳಲ್ಲಿ ಅವನು ಅನೇಕ ವೇಳೆ ಕನ್ನಡ ಮಾಧ್ಯಮದಲ್ಲಿ ಓದಿಬಂದವನು. ಅವನಿಗೆ ಬುದ್ಧಿ ಸಾಲದೆ ಹೀಗಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಕಲಿಸುವ ಕ್ರಮದಲ್ಲಿ ತೊಡಕಿದೆ ಎಂಬುದೇ ನನ್ನ ನಂಬಿಕೆ.

ಮೊದಲ ತೊಡಕು, ಯಂತ್ರಕ್ಕೆ ನಮ್ಮ ಮನಸ್ಸು ತಿಳಿಯುತ್ತದೆಂಬ ಭ್ರಮೆ. ಯಂತ್ರದೊಳಗೆ ನಮ್ಮ ಉದ್ದೇಶವನ್ನು ಅರಿಯಬಲ್ಲ ಮನಸ್ಸೊಂದು ಅಡಗಿದೆ ಎಂಬ ಈ ಊಹೆಯೇ ಹೊಸಬರ ಹಲವು ತಪ್ಪುಗಳಿಗೆ ಬೇರು ಎಂದು ರಾಯ್ ಪೀ ಎಂಬ ವಿದ್ವಾಂಸರು 1986ರಲ್ಲಿಯೇ ತೋರಿಸಿದರು. ಇದನ್ನು ಬರಿಯ ಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಆದ್ದರಿಂದ ನಾನು ಮೊದಲ ದಿನ ತರಗತಿಯಲ್ಲಿ ಯಂತ್ರವಾಗಿ ನಿಲ್ಲುತ್ತೇನೆ. ‘ಬೋರ್ಡು ಒರೆಸಿ ಸಾರ್’ ಎನ್ನುತ್ತಾರೆ. ನಾನು ಬರಿಗೈಯಿಂದ ಒರೆಸಲು ತೊಡಗುತ್ತೇನೆ. ‘ಡಸ್ಟರು ತಗೊಳ್ಳಿ’ ಎಂದರೆ ತೆಗೆದುಕೊಂಡು ಸುಮ್ಮನೆ ನಿಲ್ಲುತ್ತೇನೆ. ‘ಅದರಿಂದ ಒರೆಸಿ’ ಎಂದಾಗ ಒಂದೇ ಜಾಗವನ್ನು ಉಜ್ಜುತ್ತ ಹೋಗುತ್ತೇನೆ. ಹುಡುಗರು ನಗುತ್ತಾರೆ. ನಗು ನಿಂತ ಮೇಲೆ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಎಲ್ಲಿಯವರೆಗೆ ಎಂದು ಬಿಡಿಸಿ ಹೇಳಲು ತಾವಾಗಿಯೇ ತೊಡಗುತ್ತಾರೆ. ಪ್ರೋಗ್ರಾಮಿಂಗಿನ ಮೊದಲ ಪಾಠ ಯಂತ್ರವನ್ನು ಮುಟ್ಟದೆಯೇ ಮುಗಿದಿರುತ್ತದೆ.

ಎರಡನೆಯದು ಉಪಮೆಯ ಸಮಸ್ಯೆ. ಪ್ರೋಗ್ರಾಮಿನಲ್ಲಿ ಬೆಲೆಗಳನ್ನು ಇಟ್ಟುಕೊಳ್ಳುವ ಹೆಸರುಗಳಿರುತ್ತವೆ, ಚರಾಂಶ ಎನ್ನೋಣ. ಅದನ್ನು ಒಂದು ಪಾತ್ರೆ ಎಂದು ವಿವರಿಸುವುದು ವಾಡಿಕೆ. ಪಾತ್ರೆಯ ಉಪಮೆ ಎರಡು ಕಡೆ ದಾರಿ ತಪ್ಪಿಸುತ್ತದೆ. ಪಾತ್ರೆಯಲ್ಲಿ ಹಳೆಯದರ ಮೇಲೆ ಹೊಸದನ್ನು ಸುರಿಯಬಹುದು. ಚರಾಂಶದಲ್ಲಿ ಹೊಸದು ಬಂದರೆ ಹಳೆಯದು ಅಳಿಯುತ್ತದೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದರೆ ಮೊದಲನೆಯದು ಬರಿದಾಗುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಅದಕ್ಕಾಗಿ ನಾನು ಪಾತ್ರೆಯನ್ನು ಬಿಟ್ಟು ಸ್ಲೇಟನ್ನು ಹಿಡಿದೆ. ಸ್ಲೇಟಿನಲ್ಲಿರುವುದನ್ನು ನೋಡಿ ಇನ್ನೊಂದು ಸ್ಲೇಟಿಗೆ ಬರೆದುಕೊಂಡರೆ ಮೊದಲನೆಯದು ಅಳಿಯುವುದಿಲ್ಲ. ಹೊಸದನ್ನು ಬರೆಯಬೇಕಾದರೆ ಹಳೆಯದನ್ನು ಒರೆಸಲೇಬೇಕು. ಇಬ್ಬರು ಹುಡುಗರ ಕೈಗೆ ಸ್ಲೇಟು ಕೊಟ್ಟು, ಅವುಗಳಲ್ಲಿರುವ ಸಂಖ್ಯೆಗಳನ್ನು ಅದಲುಬದಲು ಮಾಡಿ ಎಂದರೆ, ಮೂರನೆಯ ಸ್ಲೇಟು ಏಕೆ ಬೇಕೆಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಇನ್ನು ಭಾಷೆಯ ಮಾತು. ಇದನ್ನು ಕೊಂಚ ಬಿಡಿಸಿ ಹೇಳುವುದು ಅವಶ್ಯ. ಗಣಿತ ಓದಿಬಂದ ಹುಡುಗ ‘ಎಕ್ಸ್ ಸಮ, ಎಕ್ಸ್ ಕೂಡು ಒಂದು’ ಎಂಬ ಸಾಲನ್ನು ಕಂಡು ತಬ್ಬಿಬ್ಬಾಗುತ್ತಾನೆ. ಯಾವ ಸಂಖ್ಯೆಯಾದರೂ ತನಗಿಂತ ಒಂದು ಹೆಚ್ಚಿನದಕ್ಕೆ ಸಮನಾದೀತೆ? ಅವನ ಅನುಮಾನ ನ್ಯಾಯವಾದದ್ದೇ. ಇದನ್ನು ಕನ್ನಡದಲ್ಲಿ ಓದುವುದನ್ನು ನಾನು ಕಲಿಸುತ್ತೇನೆ: ‘ಎಕ್ಸಿನಲ್ಲಿರುವುದನ್ನು ನೋಡಿ, ಅದಕ್ಕೆ ಒಂದು ಕೂಡಿಸಿ, ಬಂದುದನ್ನು ಎಕ್ಸಿನಲ್ಲಿಯೇ ಬರೆ.’ ನೋಡಿ, ಕೂಡಿಸಿ, ಬರೆ: ನಮ್ಮ ವ್ಯಾಕರಣದ ಭೂತನ್ಯೂನ ರೂಪ ಕೆಲಸಗಳ ಸರದಿಯನ್ನು ತಾನಾಗಿಯೇ ಹೇಳಿಬಿಡುತ್ತದೆ. ಯಂತ್ರವೂ ಬಲಗಡೆಯ ಲೆಕ್ಕವನ್ನು ಮೊದಲು ಮುಗಿಸಿ ಆಮೇಲೆ ಎಡಗಡೆಗೆ ಬರೆಯುತ್ತದೆ. ಕ್ರಿಯಾಪದವನ್ನು ಕೊನೆಗಿಡುವ ನಮ್ಮ ವಾಕ್ಯರಚನೆ ಇಲ್ಲಿ ಯಂತ್ರದ ನಡೆಗೆ ಹತ್ತಿರವಾಗಿದೆ.

ಎಲ್ಲ ಕಡೆಯೂ ನಮ್ಮ ಭಾಷೆ ಹೀಗೆ ನೆರವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ‘ಹಂಡೆ ತುಂಬುವ ತನಕ ನೀರು ಹಾಕು’ ಎನ್ನುತ್ತೇವೆ. ‘ಹಂಡೆಯಲ್ಲಿ ಜಾಗವಿರುವ ತನಕ ನೀರು ಹಾಕು’ ಎಂದೂ ಎನ್ನುತ್ತೇವೆ. ಎರಡರಲ್ಲೂ ‘ತನಕ’ ಇದೆ. ಮೊದಲನೆಯದು ನಿಲ್ಲಿಸಬೇಕಾದ ಘಳಿಗೆಯನ್ನು ಹೇಳುತ್ತದೆ. ಎರಡನೆಯದು ಮುಂದುವರಿಸುವುದಕ್ಕೆ ಬೇಕಾದ ಸ್ಥಿತಿಯನ್ನು ಹೇಳುತ್ತದೆ. ಪ್ರೋಗ್ರಾಮಿನ ‘ವೈಲ್’ ಎಂಬ ಆವರ್ತನೆಗೆ ಎರಡನೆಯದು ಮಾತ್ರ ಗೊತ್ತು. ಮೊದಲ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡ ಹುಡುಗ ‘ತುಂಬಿದೆ’ ಎಂಬ ನಿಬಂಧನೆಯನ್ನು ಬರೆಯುತ್ತಾನೆ. ಬರಿದಾದ ಹಂಡೆಗೆ ಒಂದು ಚೊಂಬು ನೀರೂ ಬೀಳುವುದಿಲ್ಲ. ಅವನು ತರ್ಕದಲ್ಲಿ ಸೋತನೆಂದು ಅಂಕ ಕಳೆದರೆ ಅದು ಅನ್ಯಾಯ. ಇಂಗ್ಲಿಷ್ ಮನೆಮಾತಾದ ಮಕ್ಕಳಿಗೂ ಈ ‘ವೈಲ್’ ಕಾಟ ಕೊಡುತ್ತದೆ. ಅವರ ದಿನದ ಮಾತಿನಲ್ಲಿ ಅದು ಎಡೆಬಿಡದ ಕಾವಲನ್ನು ಸೂಚಿಸುವುದರಿಂದ, ಯಂತ್ರ ಪ್ರತಿಕ್ಷಣವೂ ನಿಬಂಧನೆಯನ್ನು ನೋಡುತ್ತಿರುತ್ತದೆಂದು ಅವರು ಭಾವಿಸುತ್ತಾರೆ. ಯಂತ್ರ ನೋಡುವುದು ಒಂದೊಂದು ಸುತ್ತಿನ ಆರಂಭದಲ್ಲಿ ಮಾತ್ರ. ಮೇಷ್ಟರಾದವರು ಎರಡು ಭಾಷೆಗಳ ಈ ಒಳಸುಳಿಗಳನ್ನು ಬಲ್ಲವರಾದರೆ ಅರ್ಧ ಕೆಲಸ ಹಗುರವಾಗುತ್ತದೆ.

ಆವರ್ತನೆಯನ್ನು ಕಲಿಸಲು ನಮ್ಮ ಛಂದಶ್ಶಾಸ್ತ್ರದಲ್ಲೇ ಒಂದು ಸೊಗಸಾದ ಪಾಠವಿದೆ. ಸಾಹಿತ್ಯದ ವಿದ್ಯಾರ್ಥಿಗಳು ಪ್ರಸ್ತಾರವನ್ನು ಬಲ್ಲರು. ಮೂರು ಅಕ್ಷರಗಳ ಗಣಗಳು ಒಟ್ಟು ಎಷ್ಟು, ಯಾವುವು ಎಂದು ತಿಳಿಯಬೇಕು. ಮೊದಲ ಸಾಲಿನಲ್ಲಿ ಮೂರೂ ಗುರುಗಳನ್ನು ಬರೆಯಿರಿ. ಎಡದಿಂದ ಮೊದಲು ಕಾಣುವ ಗುರುವಿನ ಕೆಳಗೆ ಲಘುವನ್ನಿಡಿ. ಅದರ ಬಲಕ್ಕೆ ಮೇಲಿನ ಸಾಲಿನಲ್ಲಿರುವಂತೆಯೇ ಬರೆಯಿರಿ. ಎಡಕ್ಕೆ ಸ್ಥಳವುಳಿದರೆ ಗುರುಗಳಿಂದ ತುಂಬಿರಿ. ಎಲ್ಲವೂ ಲಘುವಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿರಿ. ಮ, ಯ, ರ, ಸ, ತ, ಜ, ಭ, ನ ಎಂಬ ಎಂಟು ಗಣಗಳು ಈ ಕ್ರಮದಲ್ಲಿಯೇ ಮೂಡುತ್ತವೆ. ಆರಂಭದ ಸ್ಥಿತಿ, ಮರಳಿ ಮಾಡುವ ವಿಧಿ, ನಿಲ್ಲುವ ನಿಬಂಧನೆ ಮೂರೂ ಇಲ್ಲಿವೆ. ಪ್ರೋಗ್ರಾಮಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಪ್ರಾಚೀನರು ಕಂಪ್ಯೂಟರನ್ನು ಬಲ್ಲವರಾಗಿದ್ದರೆಂದು ನಾನು ಸಾಧಿಸಹೊರಟಿಲ್ಲ. ಗುರುಲಘುಗಳನ್ನು ಹಾಕಿ ಪದ್ಯ ಬಿಡಿಸಿದ ಹುಡುಗಿಗೆ ‘ನೀನು ಇದನ್ನು ಆಗಲೇ ಮಾಡಿದ್ದೀಯೆ’ ಎಂದು ಹೇಳಿದಾಗ ಅವಳ ಮುಖದಲ್ಲಿ ಮೂಡುವ ಧೈರ್ಯವೇ ನನಗೆ ಮುಖ್ಯ.

ಈಗ ಪಾಠದ ಕ್ರಮಕ್ಕೆ ಬರೋಣ. ಓದುವುದನ್ನು ಕಲಿಸಿದ ಮೇಲೆ ಬರೆಯುವುದನ್ನು ಕಲಿಸುವುದು ಲೋಕದ ರೂಢಿ. ಪ್ರೋಗ್ರಾಮಿಂಗಿನಲ್ಲಿ ಮಾತ್ರ ಮೊದಲ ವಾರವೇ ‘ಬರೆಯಿರಿ’ ಎನ್ನುತ್ತೇವೆ. 2004ರಲ್ಲಿ ಏಳು ದೇಶಗಳಲ್ಲಿ ನಡೆದ ಅಧ್ಯಯನವೊಂದು, ಬರೆಯಲಾರದ ಹಲವರಿಗೆ ಬೇರೆಯವರು ಬರೆದುದನ್ನು ಓದಿ ಅದರ ಫಲ ಹೇಳುವುದೂ ಕಷ್ಟವೆಂದು ತೋರಿಸಿತು. ನಾನು ಮೊದಲ ಕೆಲವು ವಾರ ಓದಿಸುತ್ತೇನೆ. ಬೋರ್ಡಿನ ಮೇಲೆ ಹತ್ತು ಸಾಲಿನ ಪ್ರೋಗ್ರಾಮು. ಪಕ್ಕದಲ್ಲಿ ಚರಾಂಶಗಳ ಪಟ್ಟಿ. ಒಂದೊಂದು ಸಾಲು ನಡೆದಂತೆ ಯಾವುದರ ಬೆಲೆ ಏನಾಯಿತೆಂದು ವಿದ್ಯಾರ್ಥಿಯೇ ಬಂದು ಬರೆಯಬೇಕು. ಫಲವನ್ನು ಎಲ್ಲರೂ ಮೊದಲೇ ಊಹಿಸಿ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಆನಂತರವೇ ಯಂತ್ರವನ್ನು ಚಾಲೂ ಮಾಡುವುದು. ಊಹೆ ಸುಳ್ಳಾದಲ್ಲಿ ಕುತೂಹಲ ಹುಟ್ಟುತ್ತದೆ.

ಇದಾದ ಮೇಲೆ, ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಚೀಟಿಗಳಲ್ಲಿ ಬರೆದು ಕಲಸಿ ಕೊಟ್ಟು ಜೋಡಿಸಲು ಹೇಳುತ್ತೇನೆ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಬಳಕೆಗೆ ತಂದ ಉಪಾಯ ಇದು. ಅರ್ಧವಿರಾಮ ಎಲ್ಲಿ, ಆವರಣಚಿಹ್ನೆ ಎಲ್ಲಿ ಎಂಬ ಗೋಜಿಲ್ಲದೆ ಹುಡುಗ ಕ್ರಮವೊಂದರ ಮೇಲೆಯೇ ಮನಸ್ಸಿಡಬಹುದು.

ಆಮೇಲೆ ಬರೆಯುವುದು. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಎಲಿಯಟ್ ಸೊಲೊವೆ 1980ರ ದಶಕದಲ್ಲಿ ಪ್ರಸಿದ್ಧಗೊಳಿಸಿದ ಮಳೆಯ ಲೆಕ್ಕವನ್ನು ನಾನು ಪ್ರತಿವರ್ಷ ಕೊಡುತ್ತೇನೆ. ದಿನದಿನದ ಮಳೆಯ ಪ್ರಮಾಣವನ್ನು ಓದುತ್ತ ಹೋಗಬೇಕು. 99999 ಎಂಬ ಸಂಖ್ಯೆ ಬಂದರೆ ನಿಲ್ಲಿಸಿ ಸರಾಸರಿ ಹೇಳಬೇಕು. ಕೂಡುವುದು, ಎಣಿಸುವುದು, ನಿಲ್ಲುವುದು, ಭಾಗಿಸುವುದು, ಒಂದೊಂದೂ ಎಲ್ಲರಿಗೂ ಗೊತ್ತು. ಸೇರಿಸಿ ನೇಯುವಾಗ ಎಳೆ ತಪ್ಪುತ್ತದೆ. ಒಬ್ಬ 99999ನ್ನೂ ಮಳೆಯೆಂದು ಕೂಡಿಸಿ ಪ್ರಳಯವನ್ನೇ ತರುತ್ತಾನೆ. ಮೊದಲ ಸಂಖ್ಯೆಯೇ 99999 ಆದರೆ ಏನೆಂದು ಯೋಚಿಸುವವರು ವಿರಳ; ಆಗ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಯಂತ್ರ ಕೈಚೆಲ್ಲುತ್ತದೆ. ಬಿಡಿಬಿಡಿಯಾದ ಆಜ್ಞೆಗಳನ್ನು ಕಲಿಸಿದರೆ ಸಾಲದು, ಅವುಗಳನ್ನು ಹೆಣೆಯುವ ಬಗೆಯನ್ನೂ ಪಾಠವಾಗಿ ಹೇಳಬೇಕೆಂಬುದು ಸೊಲೊವೆ ಅವರ ತಾತ್ಪರ್ಯ.

ತಪ್ಪುಗಳ ವಿಷಯದಲ್ಲಿ ಇಬ್ಬರು ಹಿರಿಯರ ಅಭಿಪ್ರಾಯಗಳು ಎದುರುಬದುರಾಗಿ ನಿಂತಿವೆ. ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ 1988ರ ತಮ್ಮ ಲೇಖನದಲ್ಲಿ, ಪ್ರೋಗ್ರಾಮಿನ ತಪ್ಪನ್ನು ‘ಹುಳು’ ಎಂಬರ್ಥದ ಮಾತಿನಿಂದ ಕರೆಯಬಾರದು, ಅದು ತಾನಾಗಿ ನುಸುಳಿದ್ದಲ್ಲ, ಬರೆದವನೇ ಮಾಡಿದ್ದು ಎಂದರು. ಹೊಸ ವಿದ್ಯಾರ್ಥಿಗಳಿಗೆ ಪ್ರೋಗ್ರಾಮುಗಳನ್ನು ನಡೆಸಿ ನೋಡುವ ಅವಕಾಶವನ್ನೇ ಕೊಡದೆ, ಸರಿಯೆಂದು ಸಾಧಿಸುವುದನ್ನು ಕಲಿಸಬೇಕೆಂದರು. ಮಕ್ಕಳಿಗಾಗಿ 1967ರಲ್ಲಿ ಸಂಗಡಿಗರೊಡನೆ ಲೋಗೋ ಭಾಷೆಯನ್ನು ರೂಪಿಸಿದ ಸೈಮರ್ ಪೇಪರ್ಟ್ ಬೇರೆಯೇ ಮಾತು ಹೇಳಿದರು. ಪ್ರೋಗ್ರಾಮು ಸರಿಯೋ ತಪ್ಪೋ ಎಂಬುದಕ್ಕಿಂತ ಅದನ್ನು ತಿದ್ದಲು ಬರುವುದೋ ಎಂಬುದೇ ಸರಿಯಾದ ಪ್ರಶ್ನೆ ಎಂಬುದು ಅವರ ನಿಲುವು. ನನ್ನ ತರಗತಿಯಲ್ಲಿ ಇಬ್ಬರಿಗೂ ಸ್ಥಳವಿದೆ. ಯಂತ್ರ ಮುಟ್ಟುವ ಮುನ್ನ ಕಾಗದದ ಮೇಲೆ ಡೈಕ್‌ಸ್ಟ್ರಾ. ಮುಟ್ಟಿದ ಮೇಲೆ ಪೇಪರ್ಟ್. ತಪ್ಪೆಂದರೆ ಪೆಟ್ಟು ಎಂದು ಕಲಿತುಬಂದ ನಮ್ಮ ಮಕ್ಕಳಿಗೆ, ತಿದ್ದಬಹುದಾದ ತಪ್ಪು ನಾಚಿಕೆಯ ವಿಷಯವಲ್ಲವೆಂದು ತಿಳಿಸುವುದೇ ದೊಡ್ಡ ಉಪಕಾರ. ಇಬ್ಬಿಬ್ಬರನ್ನು ಒಂದು ಯಂತ್ರದ ಮುಂದೆ ಕೂರಿಸಿ, ಒಬ್ಬರು ಬರೆಯುವಾಗ ಇನ್ನೊಬ್ಬರು ಪರಿಶೀಲಿಸಿ, ಆಗಾಗ ಸ್ಥಳ ಬದಲಿಸುವಂತೆ ಮಾಡಿದರೆ ಮೂಕರಂತಿದ್ದವರೂ ಬಾಯಿಬಿಡುತ್ತಾರೆ. ಆ ಮಾತು ಕನ್ನಡದಲ್ಲಿಯೇ ನಡೆಯಲಿ, ಯಂತ್ರಕ್ಕೇನೂ ಅಡ್ಡಿಯಿಲ್ಲ.

ಕೊನೆಯದಾಗಿ, ಇಂದಿನ ಪ್ರಶ್ನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಜನರ ಕೈಗೆ ಬಂದ ಮೇಲೆ, ಮಳೆಯ ಲೆಕ್ಕವನ್ನು ಯಂತ್ರವೇ ಬರೆದುಕೊಡುತ್ತದೆ. ಇನ್ನು ಕಲಿಸುವುದೇಕೆ ಎಂದು ಪೋಷಕರು ಕೇಳುತ್ತಾರೆ. ಹೇಳಿದಷ್ಟನ್ನೇ ಮಾಡುತ್ತಿದ್ದ ಶಿಷ್ಯ ಈಗ ಹೇಳದ್ದನ್ನೂ ಊಹಿಸಿ ಮಾಡತೊಡಗಿದ್ದಾನೆ. ಊಹೆ ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು, ಎರಡನ್ನೂ ಒಂದೇ ಧೈರ್ಯದಿಂದ ಒಪ್ಪಿಸುತ್ತಾನೆ. ಅಂಥ ಶಿಷ್ಯನ ಉತ್ತರಪತ್ರಿಕೆಯನ್ನು ತಿದ್ದಬಲ್ಲವರು ಬೇಡವೆ? ಯಂತ್ರ ಬರೆದ ಪ್ರೋಗ್ರಾಮನ್ನು ತರಗತಿಗೆ ತರಿಸಿ, ಒಂದು ದಿನದ ಮಳೆಯೂ ದಾಖಲಾಗದಿದ್ದರೆ ಇದು ಏನು ಹೇಳುತ್ತದೆ ಎಂದು ಸಾಲುಸಾಲಾಗಿ ಪಟ್ಟಿ ಹಾಕಿಸುತ್ತೇನೆ. ಓದುವುದನ್ನು ಮೊದಲು ಕಲಿಸಿದ ತರಗತಿಗೆ ಈ ಕೆಲಸ ಹೊಸದಲ್ಲ.

ಬ್ಯಾಂಕಿನ ಲೆಕ್ಕ, ರೈಲಿನ ಟಿಕೇಟು, ಪಡಿತರದ ಚೀಟಿ ಎಲ್ಲವೂ ಈಗ ಯಾರೋ ಬರೆದ ಪ್ರೋಗ್ರಾಮಿನ ಅಧೀನ. ಅವುಗಳನ್ನು ಬರೆಯುವವರು ಕೆಲವರೇ ಇರಬಹುದು. ಓದಿ, ‘ಇಲ್ಲಿ ಸೊನ್ನೆ ಬಂದರೆ ಏನು ಗತಿ?’ ಎಂದು ಕೇಳಬಲ್ಲವರು ಪ್ರತಿ ಊರಿನಲ್ಲೂ ಇರಬೇಕು. ಹಿಂದಿನ ಬೆಂಚಿನ ಆ ಮೂರನೆಯವನು ಅವರಲ್ಲೊಬ್ಬನಾಗಲಿ ಎಂದು ನಾನು ಹಾರೈಸುತ್ತೇನೆ.